‘ಕಿಯಾ ಓರಾ’ ಎಂದಿದ್ದಕ್ಕೆ ಬಂದ ಕುತ್ತು

1984ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ದೂರವಾಣಿ ಕೇಂದ್ರದಲ್ಲಿ ನೈಡಾ ಗ್ಲಾವಿಶ್ ಎಂಬ ಮಾವೋರಿ (ಅಲ್ಲಿನ ಮೂಲನಿವಾಸಿ) ಮಹಿಳೆ ದೂರದೂರಿನ ಕರೆಗಳನ್ನು ಜೋಡಿಸಿಕೊಡುವ ಕೆಲಸದಲ್ಲಿದ್ದರು. ಕರೆ ಬಂದರೆ ಅವರು ಹೇಳುತ್ತಿದ್ದುದು ‘ಕಿಯಾ ಓರಾ’. ನಾವು ನಮಸ್ಕಾರ ಎನ್ನುವಷ್ಟೇ ಸಹಜವಾದ ಮಾತು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ವಂದಿಸಬೇಕೆಂಬ ಆದೇಶ ಬಂತು. ಗ್ಲಾವಿಶ್ ಒಪ್ಪದಿದ್ದಾಗ ಅವರನ್ನು ಆ ಕೆಲಸದಿಂದ ಸರಿಸಲಾಯಿತು. ಸುದ್ದಿ ಹರಡಿದ್ದೇ ತಡ, ಜನ ‘ಕಿಯಾ ಓರಾ’ ಮಹಿಳೆಯೊಂದಿಗೇ ಮಾತನಾಡಬೇಕೆಂದು ಕೇಂದ್ರಕ್ಕೆ ಕರೆ ಮಾಡತೊಡಗಿದರು. ವಿಮಾನದ ಸಿಬ್ಬಂದಿಯೂ ಪ್ರಯಾಣಿಕರಿಗೆ ಹಾಗೆಯೇ ವಂದಿಸತೊಡಗಿದರು. ಕೊನೆಗೆ ನಿಯಮವೇ ಸಡಿಲವಾಯಿತು, ಗ್ಲಾವಿಶ್ ಮೊದಲಿನ ಕೆಲಸಕ್ಕೆ ಮರಳಿದರು.

ಮೂವತ್ತೈದು ವರ್ಷಗಳ ನಂತರ, 2019ರಲ್ಲಿ, ಏರ್ ನ್ಯೂಜಿಲೆಂಡ್ ತನ್ನ ವಿಮಾನಗಳಲ್ಲಿ ಹಂಚುವ ಪತ್ರಿಕೆಯ ಲಾಂಛನಕ್ಕೆ ಟ್ರೇಡ್‌ಮಾರ್ಕ್ ಕೋರಿ ಅರ್ಜಿ ಹಾಕಿತು. ಪತ್ರಿಕೆಯ ಹೆಸರು ‘ಕಿಯಾ ಓರಾ’! ಮಾವೋರಿಗಳು ಸಿಡಿದೆದ್ದರು, ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಆಡಿದವರಿಗೆ ಶಿಕ್ಷೆ ತಂದ ಮಾತು ಒಂದೇ ತಲೆಮಾರಿನಲ್ಲಿ ಮಾರಾಟದ ಸರಕಾಗಿತ್ತು. ಪರರ ಆಚಾರವನ್ನು ಎರವಲು ಪಡೆಯುವುದು ತಪ್ಪೇ ಎಂಬ ಚರ್ಚೆ ನ್ಯೂಜಿಲೆಂಡ್‌ನಲ್ಲಿ ಇಷ್ಟು ಕಾವೇರುವುದು ಈ ಹಿನ್ನೆಲೆಯಿಂದ. ಅಲ್ಲಿ ಎರವಲಿಗಿಂತ ಮೊದಲು ಬಂದದ್ದು ನಿರ್ಬಂಧ. 1867ರ ಕಾನೂನಿನ ಪ್ರಕಾರ ನಡೆದ ಶಾಲೆಗಳಲ್ಲಿ ಇಂಗ್ಲಿಷೇ ಪಾಠದ ಭಾಷೆಯಾಯಿತು. ಮಾವೋರಿ ಮಾತನಾಡಿದ್ದಕ್ಕೆ ಏಟು ತಿಂದ ಮಕ್ಕಳ ನೆನಪುಗಳು ಮನೆಮನೆಯಲ್ಲೂ ಇವೆ. ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ.

ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವ ‘ಹೊಂಗಿ’ಯನ್ನು ಪ್ರವಾಸೋದ್ಯಮದ ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತೇವೆ. ತಾನೆ ಎಂಬ ದೇವತೆ ಮಣ್ಣಿನಿಂದ ಮೊದಲ ಹೆಣ್ಣನ್ನು ರೂಪಿಸಿ, ಆಕೆಯ ಮೂಗಿನಲ್ಲಿ ಉಸಿರೂದಿ ಜೀವ ಕೊಟ್ಟ ಎಂಬ ನಂಬಿಕೆ ಇದರ ಹಿಂದಿದೆ. ಚಿತ್ರದಲ್ಲಿ ಕಾಣದಿರುವುದು ಅದಕ್ಕೆ ಮೊದಲು ನಡೆಯುವ ವಿಧಿ. ಅತಿಥಿಗಳು ‘ಮರಾಯೆ’ಯ, ಅಂದರೆ ಸಮುದಾಯದ ಸಭಾಂಗಣದ ಹೆಬ್ಬಾಗಿಲಲ್ಲಿ ಕಾಯಬೇಕು. ಒಳಗಿನಿಂದ ಹೆಂಗಸೊಬ್ಬಳು ನೀಳ ದನಿಯಲ್ಲಿ ಕರೆಯುತ್ತಾಳೆ, ಅತಿಥಿಗಳ ಕಡೆಯ ಹೆಂಗಸು ಉತ್ತರಿಸುತ್ತಾಳೆ. ನಿಧಾನವಾಗಿ ನಡೆದು ಬಂದು, ನಡುವೆ ನಿಂತು ಸತ್ತವರನ್ನು ನೆನೆಯಬೇಕು. ಆಮೇಲೆ ಭಾಷಣಗಳು, ಒಂದೊಂದು ಭಾಷಣಕ್ಕೂ ಒಂದೊಂದು ಹಾಡು, ಕಾಣಿಕೆ. ಹೊಂಗಿಯ ಸರದಿ ಬರುವುದು ಇದೆಲ್ಲ ಆದ ಮೇಲೆ. ಬಳಿಕ ಒಟ್ಟಿಗೆ ಊಟ. ಇಷ್ಟನ್ನೂ ಬಿಟ್ಟು ಮೂಗು ತಾಗಿಸುವುದನ್ನಷ್ಟೇ ಎತ್ತಿಕೊಂಡರೆ ಉಳಿಯುವುದು ಕ್ಯಾಮೆರಾಗೆ ಕೊಟ್ಟ ಭಂಗಿ.

ಮಾವೋರಿಯೊಬ್ಬ ಯುರೋಪಿಯನ್ನನ ಜತೆ ನಡೆಸಿದ ಮೊದಲ ಹೊಂಗಿ ಎಂದು ಹೇಳಲಾಗುವ ಭೇಟಿ ನಡೆದದ್ದು 1769ರ ಅಕ್ಟೋಬರ್ 9ರಂದು, ಈಗಿನ ಗಿಸ್ಬರ್ನ್‌ನಲ್ಲಿ, ನದಿಯ ನಡುವಿನ ಬಂಡೆಯೊಂದರ ಮೇಲೆ. ಆಯುಧವಿಲ್ಲದೆ ಬಂದ ಮಾವೋರಿಯನ್ನು ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ತಾನೂ ಬಂದೂಕು ಕೆಳಗಿಟ್ಟು ಎದುರುಗೊಂಡ. ಹಿಂದಿನ ದಿನವೇ ಕುಕ್‌ನ ಜನ ಒಬ್ಬ ಮಾವೋರಿಯನ್ನು ಗುಂಡಿಟ್ಟು ಕೊಂದಿದ್ದರು. ಹೊಂಗಿಯಾದ ಸ್ವಲ್ಪ ಹೊತ್ತಿಗೇ, ಕತ್ತಿಯೊಂದನ್ನು ಕಸಿದುಕೊಂಡನೆಂದು ಇನ್ನೊಬ್ಬನನ್ನೂ ಕೊಂದರು. ಮುಂದೆ ಹಡಗುಗಳಿಗೆ ಅಡ್ಡಿಯೆಂದು ಆ ಬಂಡೆಯನ್ನೂ ಸಿಡಿಸಿದರು.

ರಗ್ಬಿಯ ಗಂಧಗಾಳಿ ಇಲ್ಲದ ನಮ್ಮವರೂ ಮೊಬೈಲ್‌ನಲ್ಲಿ ನೋಡಿರುವ ‘ಹಾಕಾ’ದ್ದು, ಅಂದರೆ ನೆಲಕ್ಕೆ ಕಾಲು ಬಡಿದು ಕೂಗುತ್ತ ಮಾಡುವ ಮಾವೋರಿ ಕುಣಿತದ್ದು, ಇನ್ನೊಂದು ಕಥೆ. ಅತ್ಯಂತ ಪ್ರಸಿದ್ಧವಾದ ‘ಕಾ ಮಾಟೆ’ಯನ್ನು ಕಟ್ಟಿದವನು ನ್ಗಾಟಿ ಟೋವಾ ಪಂಗಡದ ಮುಖಂಡ ತೆ ರೌಪರಾಹಾ, ಸುಮಾರು 1820ರಲ್ಲಿ, ಬೆನ್ನಟ್ಟಿದ ವೈರಿಗಳಿಂದ ತಪ್ಪಿಸಿಕೊಂಡು ಗೆಣಸಿನ ಹಗೇವಿನಲ್ಲಿ ಅಡಗಿದ್ದು ಪಾರಾದ ಸಂದರ್ಭದಲ್ಲಿ. 1905ರಲ್ಲಿ ಬ್ರಿಟನ್ ಪ್ರವಾಸ ಮಾಡಿದ ನ್ಯೂಜಿಲೆಂಡ್ ರಗ್ಬಿ ತಂಡ ಇದನ್ನು ಮೈದಾನಕ್ಕೆ ಒಯ್ದಿತು. ನಂತರದ ದಶಕಗಳಲ್ಲಿ ಆಟಗಾರರು ಅದನ್ನು ಕಾಟಾಚಾರಕ್ಕೆ ಕುಣಿಯುತ್ತಿದ್ದರು. ಮಾಡುವುದಾದರೆ ಸರಿಯಾಗಿ ಕಲಿತು ಮಾಡೋಣ ಎಂದು 1980ರ ದಶಕದಲ್ಲಿ ಪಟ್ಟು ಹಿಡಿದವರು ಮಾವೋರಿ ಆಟಗಾರರಾದ ಬಕ್ ಶೆಲ್ಫರ್ಡ್ ಮತ್ತು ಹಿಕಾ ರೀಡ್. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಂತೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರತಿ ವರ್ಷ ಮೈಮೇಲೆ ಅಶ್ಲೀಲ ಚಿತ್ರ ಬರೆದುಕೊಂಡು ಅಣಕು ಹಾಕಾ ಮಾಡುತ್ತಿದ್ದರು. ನಿಲ್ಲಿಸಿ ಎಂಬ ಮನವಿಗಳು ವರ್ಷಗಟ್ಟಲೆ ಕಸದ ಬುಟ್ಟಿ ಸೇರಿದವು. 1979ರ ಮೇ 1ರಂದು ಮಾವೋರಿ ಯುವಕರ ಗುಂಪೊಂದು ಅಭ್ಯಾಸದ ಸ್ಥಳಕ್ಕೇ ನುಗ್ಗಿತು. ಕೆಲವೇ ನಿಮಿಷಗಳ ಹೊಡೆದಾಟ, ಆಮೇಲೆ ಬಂಧನ, ಮೊಕದ್ದಮೆ. ಅಣಕು ಹಾಕಾ ಅಂದಿಗೆ ನಿಂತಿತು. ಹೊಡೆದಾಟವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮನವಿಪತ್ರಗಳಿಗೆ ಬೆಲೆ ಸಿಕ್ಕಿದ್ದರೆ ಅದು ನಡೆಯುತ್ತಿರಲಿಲ್ಲ.

2014ರಲ್ಲಿ ‘ಕಾ ಮಾಟೆ’ಗೆಂದೇ ಒಂದು ಕಾಯ್ದೆ ಬಂತು. ವಾಣಿಜ್ಯ ಉದ್ದೇಶದ ಪ್ರಕಟಣೆಗಳಲ್ಲಿ, ಚಲನಚಿತ್ರಗಳಲ್ಲಿ ಬಳಸುವವರು ಅದು ತೆ ರೌಪರಾಹಾನ ರಚನೆ, ಅವನು ನ್ಗಾಟಿ ಟೋವಾದ ಮುಖಂಡ ಎಂದು ಕಾಣುವಂತೆ ನಮೂದಿಸಬೇಕು. ರಾಯಲ್ಟಿ ಕೊಡಬೇಕಿಲ್ಲ, ದಂಡವೂ ಇಲ್ಲ. ಮೈದಾನದಲ್ಲೋ ಶಾಲೆಯಲ್ಲೋ ಪ್ರದರ್ಶಿಸಲು ಯಾವ ಅಡ್ಡಿಯೂ ಇಲ್ಲ. ಕರ್ತೃವಿನ ಹೆಸರು ಹೇಳಿ ಎಂಬಷ್ಟು ಸಣ್ಣ ಬೇಡಿಕೆಗೆ ಕಾಯ್ದೆಯೇ ಬೇಕಾಯಿತು.

2024ರ ನವೆಂಬರ್ 14ರಂದು ಇದೇ ‘ಕಾ ಮಾಟೆ’ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಮೊಳಗಿತು. ಬ್ರಿಟಿಷರಿಗೂ ಮಾವೋರಿ ಮುಖಂಡರಿಗೂ ಆದ 1840ರ ವೈತಾಂಗಿ ಒಪ್ಪಂದವನ್ನು ಹೊಸದಾಗಿ ಅರ್ಥೈಸಲು ಹೊರಟ ಮಸೂದೆಯ ಪ್ರತಿಯನ್ನು ಹರಿದ ಯುವ ಸಂಸದೆ ಹಾನಾ-ರಾಫಿಟಿ ಮೈಪಿ-ಕ್ಲಾರ್ಕ್ ಕುಳಿತಲ್ಲಿಂದ ಎದ್ದು ಹಾಕಾ ಆರಂಭಿಸಿದರು, ಜತೆಗಾರರು ದನಿಗೂಡಿಸಿದರು. ಮರುವರ್ಷದ ಏಪ್ರಿಲ್‌ನಲ್ಲಿ ಮಸೂದೆ 112–11 ಮತಗಳಿಂದ ಬಿದ್ದುಹೋಯಿತು. ಜೂನ್‌ನಲ್ಲಿ, ಇತರ ಸದಸ್ಯರನ್ನು ಬೆದರಿಸುವಂತೆ ವರ್ತಿಸಿದರೆಂದು ಸದನ ಆಕೆಯನ್ನು ಏಳು ದಿನ, ಆಕೆಯ ಪಕ್ಷದ ಇಬ್ಬರು ನಾಯಕರನ್ನು 21 ದಿನ ಅಮಾನತುಗೊಳಿಸಿತು.