ಪ್ರವಾಸದಿಂದ ಬಂದ ಮೇಲೆ ಯೋಗ: ಮತ್ತೆ ಮೊದಲಿನಿಂದ ಶುರು ಮಾಡಬೇಕಾ?

ಪ್ರಶ್ನೆ: ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ಯೋಗ ಮಾಡುತ್ತಿದ್ದೆ. ಕಾಶಿ, ಪ್ರಯಾಗ ಅಂತ ಮೂರು ವಾರ ತಿರುಗಿ ಬಂದೆವು. ಊರಿಗೆ ಬಂದು ವಾರ ಕಳೆದರೂ ಶುರು ಮಾಡಲು ಆಗಿಲ್ಲ. ಮೊನ್ನೆ ಪಾದಹಸ್ತಾಸನ (ನಿಂತು ಮುಂದೆ ಬಗ್ಗಿ ಪಾದ ಮುಟ್ಟುವುದು) ಮಾಡಲು ಹೋದರೆ ಕೈ ಮೊಣಕಾಲಿನಿಂದ ಕೆಳಗೆ ಇಳಿಯಲೇ ಇಲ್ಲ. ಮತ್ತೆ ಮೊದಲಿನಿಂದ ಕಲಿಯಬೇಕಾ?
(ಓದುಗರು, ವಿನೋಬನಗರ, ಶಿವಮೊಗ್ಗ)

ಉತ್ತರ: ಬೇಡ. ಮೂರ್ನಾಲ್ಕು ವಾರ ಬಿಟ್ಟ ಮಾತ್ರಕ್ಕೆ ಸ್ನಾಯುಗಳ ಶಕ್ತಿ ಅಷ್ಟೇನೂ ಇಳಿಯುವುದಿಲ್ಲ. ಬೇಗ ಕಡಿಮೆಯಾಗುವುದು ದಮ್ಮು, ಮತ್ತೆ ಮೈ ಬಗ್ಗುವುದು. ಯಾವ ಆಸನದ ನಂತರ ಯಾವುದು, ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಮೈ ಮರೆಯುವುದಿಲ್ಲ. ನಿಮ್ಮ ಕೈ ಕೆಳಗೆ ಇಳಿಯದಿರುವುದಕ್ಕೆ ಯೋಗ ಬಿಟ್ಟಿದ್ದರ ಜೊತೆಗೆ ಕೂತಿದ್ದೂ ಕಾರಣ. ರೈಲು, ಬಸ್ಸು, ಟೆಂಪೋ ಟ್ರಾವೆಲರ್ ಅಂತ ದಿನಗಟ್ಟಲೆ ಮೊಣಕಾಲು ಮಡಚಿಯೇ ಇತ್ತಲ್ಲ. ತೊಡೆಯ ಹಿಂಭಾಗವೂ ಸೊಂಟದ ಮುಂಭಾಗವೂ ಹಾಗೇ ಬಿಗಿದುಕೊಂಡಿವೆ.

ಪ್ರಯಾಣಕ್ಕೂ ಯೋಗಕ್ಕೂ ಆಗಿಬರುವುದಿಲ್ಲ ಅನ್ನುವುದು ಹಳೇ ದೂರು. 15ನೇ ಶತಮಾನದ ‘ಹಠಯೋಗ ಪ್ರದೀಪಿಕೆ’ ಅಭ್ಯಾಸದ ಶುರುವಿನಲ್ಲಿ ಪ್ರಯಾಣ ಬೇಡ ಅಂತಲೇ ಹೇಳುತ್ತದೆ. ಆದರೆ ಅದೇ ಪುಸ್ತಕ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನೂ ಪಟ್ಟಿ ಮಾಡುತ್ತದೆ. ಅತಿಯಾಗಿ ತಿನ್ನುವುದು, ಅತಿಯಾಗಿ ದಣಿಯುವುದು, ಜಾಸ್ತಿ ಮಾತಾಡುವುದರ ಜೊತೆಗೆ ನಿಯಮಕ್ಕೆ ಜೋತುಬೀಳುವುದೂ ಅದರಲ್ಲಿದೆ. ನನ್ನ ಪ್ರಕಾರ ನಿಮ್ಮನ್ನು ತಡೆಯುತ್ತಿರುವುದು ಇದೇ. ಐದೂವರೆಗೇ ಏಳಬೇಕು, ಪೂರ್ತಿ ಮುಕ್ಕಾಲು ಗಂಟೆ ಆಗಬೇಕು, ಇಲ್ಲದಿದ್ದರೆ ಬೇಡ ಅಂತ ಕೂತರೆ ವಾರ ತಿಂಗಳಾಗುತ್ತದೆ.

ಮೊದಲು ಹೊತ್ತು ಸರಿಮಾಡಿಕೊಳ್ಳಿ, ಆಸನ ಆಮೇಲೆ. ಮೊದಲ ವಾರ ಕಾಲು ಗಂಟೆ ಸಾಕು, ಆದರೆ ದಿನಾ ಒಂದೇ ಹೊತ್ತಿಗೆ. ಮಳೆಗಾಲದ ಮಲೆನಾಡಿನಲ್ಲಿ ಐದೂವರೆ ಅಂದರೆ ಇನ್ನೂ ಕತ್ತಲು, ಮಾಡಿನ ಮೇಲೆ ಮಳೆ ಹೊಯ್ಯುತ್ತಿರುತ್ತದೆ, ಕಂಬಳಿ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಆರೂವರೆಗೆ ಮಾಡಿ, ಏನೂ ಆಗುವುದಿಲ್ಲ. ಸಂಜೆಯೂ ಆಗಬಹುದು. ಆದರೆ ಊಟವಾಗಿ ಮೂರ್ನಾಲ್ಕು ಗಂಟೆ ಕಳೆದಿರಬೇಕು. ನಾಲ್ಕು ಗಂಟೆಗೆ ಕಡುಬು ತಿಂದು ಐದಕ್ಕೆ ಹೊಟ್ಟೆ ಅಡಿಯಾಗಿ ಮಲಗಿ ಎದೆ ಎತ್ತುವ ಭುಜಂಗಾಸನ ಅಂದರೆ ಹೊಟ್ಟೆ ಕೇಳುತ್ತಾ?

ಚಳಿಗೆ ಮೈ ಬಿಸಿಯಾಗಲು ಹೊತ್ತು ಬೇಕು. ಎದ್ದ ಕೂಡಲೇ ಬಗ್ಗಬೇಡಿ. ಮನೆಯೊಳಗೇ ಐದು ನಿಮಿಷ ಓಡಾಡಿ, ಭುಜ, ಸೊಂಟ, ಹಿಮ್ಮಡಿ ತಿರುಗಿಸಿ. ಹನ್ನೆರಡು ಸೂರ್ಯನಮಸ್ಕಾರ ಹಾಕುತ್ತಿದ್ದರೆ ಈಗ ಮೂರೋ ನಾಲ್ಕೋ ನಿಧಾನವಾಗಿ ಸಾಕು. ಮುಂದೆ ಬಗ್ಗುವಾಗ ಮೊಣಕಾಲು ಸ್ವಲ್ಪ ಮಡಚಿ. ಹೊಟ್ಟೆ ತೊಡೆಗೆ ತಾಗಲಿ, ಕೈ ಎಲ್ಲಿಗೆ ಬರುತ್ತದೋ ಅಲ್ಲೇ ಇರಲಿ. ದಿನ ಕಳೆದಂತೆ ಮೊಣಕಾಲು ತಾನಾಗಿ ನೆಟ್ಟಗಾಗುತ್ತದೆ. ಸೊಂಟದ ಮುಂಭಾಗ ಬಿಡಿಸಲು ಸೇತುಬಂಧಾಸನ (ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು) ಒಳ್ಳೆಯದು. ಕೊನೆಗೆ ಶವಾಸನ ಬಿಡಬೇಡಿ. ಬಿಟ್ಟ ದಿನಗಳೇನು ಸೊಸೈಟಿ ಸಾಲವಲ್ಲ, ಒಂದೇ ವಾರದಲ್ಲಿ ಬಡ್ಡಿ ಸಮೇತ ತೀರಿಸಬೇಕಾಗಿಲ್ಲ.

ಇನ್ನು ಮ್ಯಾಟ್. ಮಳೆಗಾಲದಲ್ಲಿ ಮೂರು ವಾರ ಸುತ್ತಿ ಮೂಲೆಯಲ್ಲಿಟ್ಟ ಮ್ಯಾಟನ್ನು ಬಿಚ್ಚಿ ನೋಡಿ. ಒಳಸುತ್ತಿನಲ್ಲಿ ಬೂದಿ ಚಿಮುಕಿಸಿದ ಹಾಗೆ ಬೂಷ್ಟು ಕೂತಿರುತ್ತದೆ, ಮುಗ್ಗಲು ವಾಸನೆ ಬೇರೆ. ಮಕರಾಸನದಲ್ಲಿ ಅದರ ಮೇಲೆಯೇ ಮುಖ ಇಟ್ಟು ಮಲಗುತ್ತೀರಿ, ಅಲ್ವಾ? ಉಬ್ಬಸ, ಅಲರ್ಜಿ ಇದ್ದವರಿಗೆ ಅದು ಸರಿಬರುವುದಿಲ್ಲ. ಸೋಪಿನ ನೀರಿನಲ್ಲಿ ಎರಡೂ ಬದಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಬಿಸಿಲು ಎಲ್ಲಿದೆ ಅಂತ ಕೇಳಬಹುದು. ಫ್ಯಾನಿನ ಕೆಳಗೆ ಹರವಿ. ಬಚ್ಚಲೊಲೆ ಇರುವ ಮನೆಯಾದರೆ ಆ ಕೋಣೆಯ ಹಗ್ಗದ ಮೇಲೂ ಆದೀತು, ಬೆಂಕಿಯಿಂದ ದೂರವಿರಲಿ, ಪ್ಲಾಸ್ಟಿಕ್ ಕರಗುತ್ತದೆ. ಅಲ್ಲಿಯವರೆಗೆ ಜಮಖಾನ ಸಾಕು, ನಿಂತು ಮಾಡುವ ಆಸನಕ್ಕೆ ಮಾತ್ರ ಅದು ಜಾರುತ್ತದೆ, ನೋಡಿಕೊಳ್ಳಿ.

ಪ್ರಯಾಣದಿಂದ ಬಂದ ದಿನ ಎರಡೂ ಪಾದ ಊದಿದ್ದರೆ ಗೋಡೆಗೆ ಕಾಲು ಚಾಚಿ ಹತ್ತು ನಿಮಿಷ ಮಲಗಿ. ಒಂದೇ ಕಾಲಿನ ಮೀನಖಂಡ ಊದಿ, ನೋವಿದ್ದು, ಮುಟ್ಟಿದರೆ ಬಿಸಿ ಅನ್ನಿಸಿದರೆ ಯೋಗ ಬೇಡ, ತಿಕ್ಕುವುದೂ ಬೇಡ. ತುಂಬಾ ಹೊತ್ತು ಕೂತವರಿಗೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಉಸಿರಾಡಲು ಕಷ್ಟ, ಎದೆನೋವು ಇದ್ದರೆ ಸೀದಾ ಆಸ್ಪತ್ರೆಗೆ.

ನಮ್ಮ ಕಡೆಯವರಿಗೆ ಇನ್ನೊಂದು ಕಾಟ ಘಾಟಿ. ಆಗುಂಬೆಯ 14 ತಿರುವು ಹತ್ತಿ ಬಂದು ತಲೆ ಸುತ್ತುತ್ತಿದ್ದರೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಕಣ್ಣಿಗೂ ತಾಳೆಯಾಗಿಲ್ಲ ಎಂದು ಅರ್ಥ. ಅವತ್ತು ತಲೆ ಕೆಳಗೆ ಬರುವ ಯಾವುದೂ ಬೇಡ, ರಭಸವಾಗಿ ಉಸಿರು ಹೊರಹಾಕುವ ಕಪಾಲಭಾತಿಯೂ ಬೇಡ. ಸುಮ್ನೆ ಬೆನ್ನು ನೆಟ್ಟಗೆ ಇಟ್ಟು ಕೂತು ಉಸಿರು ನೋಡಿ.

ಶೀರ್ಷಾಸನ, ಹಲಾಸನ, ಚಕ್ರಾಸನಗಳನ್ನು ಎರಡನೇ ವಾರ ಕಳೆದ ಮೇಲೆ ಇಟ್ಟುಕೊಳ್ಳಿ. ಬಿಪಿ, ಕುತ್ತಿಗೆ ನೋವು ಇರುವವರು ಗುರುಗಳನ್ನು ಕೇಳದೆ ಮಾಡಬೇಡಿ. ತರಗತಿಗೆ ಹೋಗುವವರಾದರೆ ಮೂರು ವಾರ ಬಿಟ್ಟಿದ್ದೆ ಅಂತ ಮೊದಲೇ ಹೇಳಿ ಹಿಂದಿನ ಸಾಲಿನಲ್ಲಿ ನಿಂತುಕೊಳ್ಳಿ. ಪಕ್ಕದವರನ್ನು ನೋಡಿ ಹಟಕ್ಕೆ ಬಿದ್ದು ಬಗ್ಗುವ ಆಸೆ ಅಲ್ಲಿ ಕಡಿಮೆ.