ಮೆಟ್‌ಫಾರ್ಮಿನ್ ಮಾತ್ರೆ ಮತ್ತು ನಿಂತುಹೋದ ಅಧ್ಯಯನ

ನಮ್ಮ ಕ್ಲಿನಿಕ್ಕಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಪಾದ ಜೋಮು ಹಿಡಿಯುತ್ತದೆ ಎಂದು ಹೇಳಿಕೊಂಡರು. ಹನ್ನೆರಡು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಸಸ್ಯಾಹಾರಿ. "ಶುಗರ್ ಇದ್ದವರಿಗೆ ಇದು ಇದ್ದದ್ದೇ ಅಲ್ವಾ ಡಾಕ್ಟ್ರೇ?" ಅಂದರು. ಇರಬಹುದಿತ್ತು. ಆದರೂ ನರಗಳಿಗೆ ಬೇಕಾದ ಬಿ12 ವಿಟಮಿನ್‌ನ ಪರೀಕ್ಷೆ ಬರೆದುಕೊಟ್ಟೆ. ರಿಪೋರ್ಟ್ ನೋಡಿದರೆ ಬಿ12 ತೀರಾ ಕಡಿಮೆ. ಇಂಜೆಕ್ಷನ್ ಶುರು ಮಾಡಿ ಕೆಲವು ತಿಂಗಳಾದ ಮೇಲೆ ಜೋಮು ಇಳಿಯಿತು.

ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗಬಹುದು ಎಂಬ ಮಾತು ಹಳೆಯದು. ಮಾತ್ರೆ ನುಂಗಿದ ವರ್ಷಗಳು ಹೆಚ್ಚಾದಷ್ಟೂ ಆ ಅಪಾಯ ಏರುತ್ತದೆ ಎಂದು 2016ರಲ್ಲಿ ತೋರಿಸಿಕೊಟ್ಟದ್ದು ಅಮೆರಿಕದ ಒಂದು ದೀರ್ಘ ಅಧ್ಯಯನ. ಅದರ ಹೆಸರು ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ. 2025ರ ಮಾರ್ಚ್‌ನಲ್ಲಿ ಅದೇ ಅಧ್ಯಯನದ ಹಣ ನಿಂತಿತು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಈ ಮೇಷ್ಟ್ರು.

ಅಧ್ಯಯನ ಶುರುವಾದದ್ದು 1996ರಲ್ಲಿ. ಶುಗರ್ ಇನ್ನೂ ಬಂದಿಲ್ಲ, ಆದರೆ ಬರುವ ಹಾದಿಯಲ್ಲಿದ್ದಾರೆ ಎನ್ನುವಂಥ 3,234 ಜನ ಅದರಲ್ಲಿದ್ದರು. ಕೆಲವರಿಗೆ ಮೆಟ್‌ಫಾರ್ಮಿನ್, ಕೆಲವರಿಗೆ ಔಷಧಿಯಿಲ್ಲದ ಸುಳ್ಳು ಮಾತ್ರೆ. ಇನ್ನು ಕೆಲವರಿಗೆ ಊಟದಲ್ಲಿ ಹಿಡಿತ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಸುಮಾರು ಮೂರು ವರ್ಷ ನೋಡಿದರು. ನಡಿಗೆ-ಊಟದ ಗುಂಪಿನಲ್ಲಿ ಶುಗರ್ ಬರುವುದು ಶೇ. 58ರಷ್ಟು ತಗ್ಗಿತ್ತು, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 31ರಷ್ಟು. "ದಿನಾ ಅರ್ಧ ಗಂಟೆ ನಡೀರಿ" ಎಂದು ನಾವು ಧೈರ್ಯವಾಗಿ ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಇವರು ಅಲ್ಲಿಗೇ ನಿಲ್ಲಿಸಲಿಲ್ಲ. 2002ರ ನಂತರವೂ ಅದೇ ಜನರನ್ನು ಕರೆಸಿ, ರಕ್ತ ತೆಗೆದು, ಕಣ್ಣು, ಕಿಡ್ನಿ, ನರ ನೋಡುತ್ತಾ ಬಂದರು. ಬಿ12 ವಿಷಯ ಹೊರಬಂದದ್ದೇ ಹಾಗೆ. ಮೂರು ವರ್ಷದ ಅಧ್ಯಯನದಲ್ಲಿ ಅದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಐವತ್ತರ ಆಸುಪಾಸಿನಲ್ಲಿ ಸೇರಿದವರು ಈಗ ಎಂಬತ್ತರ ಹತ್ತಿರ ಬಂದಿದ್ದಾರೆ. ಹಾಗಾಗಿ ಈಚೆಗೆ ಹೊಸ ಪ್ರಶ್ನೆ ಕೈಗೆತ್ತಿಕೊಂಡಿದ್ದರು. ಮುಪ್ಪಿನ ಮರೆವಿನ ಕಾಯಿಲೆಗೂ ಶುಗರ್‌ಗೂ ಏನು ನಂಟು? ಇಷ್ಟು ವರ್ಷ ಮೆಟ್‌ಫಾರ್ಮಿನ್ ತಿಂದವರ ಮಿದುಳು ಹೇಗಿದೆ?

ಹಣ ಯಾಕೆ ನಿಂತಿತು? ಅಧ್ಯಯನದಲ್ಲಿ ತಪ್ಪು ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ದೊಡ್ಡ ಸರ್ಕಾರಿ ಸಂಸ್ಥೆ ಎನ್‌ಐಎಚ್. ವರ್ಷಕ್ಕೆ ಸುಮಾರು 4,800 ಕೋಟಿ ಡಾಲರ್ ಬಜೆಟ್. ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಹೊರಗಿನ ವಿಶ್ವವಿದ್ಯಾಲಯ, ಆಸ್ಪತ್ರೆ, ಲ್ಯಾಬ್‌ಗಳಿಗೆ ಹೋಗುತ್ತದೆ. ಈ ಅಧ್ಯಯನದ ಹಣ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲಕ ಉಳಿದ ಕೇಂದ್ರಗಳಿಗೆ ಹಂಚಿಕೆಯಾಗುತ್ತಿತ್ತು. ಕ್ಯಾಂಪಸ್‌ನಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಕಿರುಕುಳವಾದಾಗ ತಡೆಯಲಿಲ್ಲ ಎಂಬ ಕಾರಣ ಕೊಟ್ಟು ಸರ್ಕಾರ ಕೊಲಂಬಿಯಾದ 40 ಕೋಟಿ ಡಾಲರ್ ಅನುದಾನ ರದ್ದು ಮಾಡಿತು. ಆ ಗಲಾಟೆಗೆ ಏನೇನೂ ಸಂಬಂಧವಿಲ್ಲದ ದೂರದೂರದ ರಾಜ್ಯಗಳ ಕೇಂದ್ರಗಳಲ್ಲೂ ಕೆಲಸ ನಿಂತಿತು. ಮೇಲಿನ ತೂಬು ಮುಚ್ಚಿದರೆ ಕಾಲುವೆ ಕೊನೆಯ ಗದ್ದೆಗೂ ನೀರಿಲ್ಲ.

ಅದೇ ವರ್ಷ ಫೆಬ್ರವರಿ 7ರಂದು ಇನ್ನೊಂದು ಆದೇಶ ಬಂದಿತ್ತು. ಅದು ಓವರ್‌ಹೆಡ್ ಕುರಿತದ್ದು. ಸಂಶೋಧನೆಗೆ ನೇರವಾಗಿ 100 ಡಾಲರ್ ಕೊಟ್ಟರೆ, ಕಟ್ಟಡ, ಕರೆಂಟು, ಕಚೇರಿ ಖರ್ಚಿಗೆಂದು ವಿಶ್ವವಿದ್ಯಾಲಯಕ್ಕೆ ಸರಾಸರಿ 27-28 ಡಾಲರ್ ಸೇರಿಸಿ ಕೊಡುತ್ತಿದ್ದರು. ಕೆಲವು ದೊಡ್ಡ ವಿಶ್ವವಿದ್ಯಾಲಯಗಳಿಗೆ 60 ದಾಟುತ್ತಿತ್ತು. ಇನ್ನು ಎಲ್ಲರಿಗೂ 15 ಮಾತ್ರ ಎಂದರು. ಕೇಳಿದರೆ ನ್ಯಾಯವೇ ಅನ್ನಿಸುತ್ತದೆ. ದುಂದುವೆಚ್ಚ ಇರುವ ಕಡೆ ಲೆಕ್ಕ ಕೇಳಲೇಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಹಗಲು ರಾತ್ರಿ ಕರೆಂಟು ಬೇಕು. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಬೇಕು. ಸೋಂಕಿನ ಕಸ ವಿಲೇವಾರಿ ಆಗಬೇಕು. ಇವೆಲ್ಲಾ ಬರುವುದು ಈ ಓವರ್‌ಹೆಡ್‌ನಿಂದಲೇ. ಒಂದೇ ಏಟಿಗೆ ಕತ್ತರಿಸಿದರೆ ಇವಕ್ಕೆ ಯಾರು ಕೊಡಬೇಕು? ರಾಜ್ಯಗಳು, ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಆ ಆದೇಶವನ್ನು ಕೋರ್ಟ್ ತಡೆಯಿತು.

ತಡೆದರೂ ಭಯ ಉಳಿಯಿತು. ಮ್ಯಾಸಚೂಸೆಟ್ಸ್‌ನ ಒಂದು ಸರ್ಕಾರಿ ವೈದ್ಯಕೀಯ ಶಾಲೆ, ಯುಮಾಸ್ ಚಾನ್, ಪಿಎಚ್‌ಡಿಗೆ ಕೊಟ್ಟಿದ್ದ ಸೀಟುಗಳನ್ನೇ ವಾಪಸ್ ಪಡೆಯಿತು. ಬೆಂಗಳೂರು, ಮೈಸೂರಿನಿಂದ ಅಮೆರಿಕದ ಲ್ಯಾಬ್‌ಗಳಿಗೆ ಅರ್ಜಿ ಹಾಕುವ ನಮ್ಮ ಮಕ್ಕಳಿಗೂ ಇಂಥ ಸುದ್ದಿ ಸುಮ್ನೆ ಓದಿ ಮರೆಯುವಂಥದ್ದಲ್ಲ.

ಜುಲೈನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ನಿಂತ ಅನುದಾನಗಳಲ್ಲಿ ಹೆಚ್ಚಿನವು ಮರಳುತ್ತವೆ ಎಂದು ಹೇಳಿತು. ಹಣ ವಾಪಸ್ ಬಂದರೆ ಆಯ್ತಲ್ಲ, ಮತ್ತೇನು ಚಿಂತೆ ಎಂದು ಸ್ನೇಹಿತರೊಬ್ಬರು ಕೇಳಿದರು.

ಅವರಿಗೆ ನನ್ನ ಅನುಭವ ಹೇಳಿದೆ. ಓದು ಮುಗಿಸಿದ ಹೊಸದರಲ್ಲಿ ನಾನೂ ಒಂದು ಅಧ್ಯಯನದಲ್ಲಿ ಕೆಲಸ ಮಾಡಿದ್ದೆ. ಹಳ್ಳಿಗಳಲ್ಲಿ ಶುಗರ್ ಇದ್ದವರನ್ನು ಆರು ತಿಂಗಳಿಗೊಮ್ಮೆ ನೋಡುವ ಕೆಲಸ. ಮಧ್ಯೆ ಎಂಟು ತಿಂಗಳು ಹಣ ಬರಲಿಲ್ಲ. ಬಂದ ಮೇಲೆ ಮತ್ತೆ ಹಳ್ಳಿಗೆ ಹೋದೆವು. ಮನೆ ಮನೆ ಗೊತ್ತಿದ್ದ ನಮ್ಮ ಫೀಲ್ಡ್ ಹುಡುಗಿ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಸೇರಿದ್ದಳು. ಕೆಲವರು ಊರು ಬಿಟ್ಟಿದ್ದರು. ಇಬ್ಬರು ತೀರಿಕೊಂಡಿದ್ದರು, ಯಾತರಿಂದ ಎಂದು ಸರಿಯಾಗಿ ಹೇಳುವವರಿರಲಿಲ್ಲ. ಒಬ್ಬ ಅಜ್ಜಿ ಕೈ ಚಾಚಲಿಲ್ಲ. "ಆಗ ಬಿಟ್ಟು ಹೋದ್ರಲ್ಲ, ಈಗ್ಯಾಕೆ ನನ್ನ ರಕ್ತ?" ಅಂದರು. ಅವರಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ. ಆ ಎಂಟು ತಿಂಗಳ ರಕ್ತದ ಲೆಕ್ಕವನ್ನು ಆಮೇಲೆ ಎಷ್ಟು ಹಣ ಕೊಟ್ಟರೂ ತರಲಾಗುವುದಿಲ್ಲ. ದೀರ್ಘ ಅಧ್ಯಯನ ನಿಂತಿರುವುದು ಬಿಡದೆ ನೋಡುವುದರ ಮೇಲೆ, ಮತ್ತೆ ಜನರ ನಂಬಿಕೆಯ ಮೇಲೆ.

ಹೋದ ತಿಂಗಳು ಮೇಷ್ಟ್ರು ಮತ್ತೆ ಬಂದಿದ್ದರು, ಜೊತೆಗೆ ಮಗಳು. ಪಾದ ಈಗ ಚೆನ್ನಾಗಿದೆ. ಆದರೆ ಹೆಸರು ಮರೆಯುತ್ತಾರೆ, ಹಾಲು ಒಲೆ ಮೇಲಿಟ್ಟು ಹೊರಗೆ ಹೋಗುತ್ತಾರೆ ಎಂದು ಮಗಳು ಹೇಳಿದಳು. ಕೆಲವು ಪರೀಕ್ಷೆ ಬರೆದುಕೊಟ್ಟೆ. ಎದ್ದು ಹೋಗುವ ಮುಂಚೆ ಅವಳು ಕೇಳಿದಳು. "ಡಾಕ್ಟ್ರೇ, ಅಪ್ಪ ಇಷ್ಟು ವರ್ಷದಿಂದ ಈ ಮಾತ್ರೆ ತಗೋತಿದ್ದಾರಲ್ಲ, ಇದರಿಂದ ಮರೆವಿಗೆ ಒಳ್ಳೆಯದಾಗುತ್ತಾ, ಕೆಟ್ಟದಾಗುತ್ತಾ?"

ಗಟ್ಟಿಯಾಗಿ ಹೇಳುವಷ್ಟು ಇನ್ನೂ ಗೊತ್ತಾಗಿಲ್ಲಮ್ಮ, ಅದನ್ನೇ ನೋಡುತ್ತಿದ್ದರು ಅಂದೆ.