ಹುಳು ಕಡಿದ ಮೆಕ್ಕೆಜೋಳ ಕಣಜವನ್ನು ಕರೆಯುವ ಬಗೆ

ಮೆಕ್ಕೆಜೋಳದ ಎಲೆ ಹರಿದು ಮೂಸಿದರೆ ತಕ್ಷಣ ಹಸಿ ಹುಲ್ಲಿನ ವಾಸನೆ. ಎಂಥ ಗಾಯವಾದರೂ ಅದು ಬರುತ್ತದೆ. ಆದರೆ ಮರಿಹುಳು ಮೇಯ್ದ ಗಿಡ ಕೆಲವು ಗಂಟೆ ಕಳೆದ ಮೇಲೆ ಬೇರೆಯೇ ವಾಸನೆ ಬಿಡುತ್ತದೆ. ಅದರಲ್ಲಿ ಟರ್ಪೀನು, ಇಂಡೋಲ್ ಎಂಬ ಗಾಳಿಯಲ್ಲಿ ಹರಡುವ ವಾಸನೆಯ ವಸ್ತುಗಳಿವೆ. ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳು ಜಾಡು ಹಿಡಿಯುವುದು ಮುಖ್ಯವಾಗಿ ಇದನ್ನೇ.

ಈ ತಿಳಿವಳಿಕೆ ಹಳೆಯದಲ್ಲ. 1983ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ನುಸಿ ಹತ್ತಿದ ಎಲೆಗಳ ವಾಸನೆಗೆ ಆ ನುಸಿಗಳನ್ನು ತಿನ್ನುವ ಪರಭಕ್ಷಕ ನುಸಿಗಳು ಬರುವುದನ್ನು ತೋರಿಸಿದರು. ವಾಸನೆಯನ್ನು ತಯಾರಿಸುವುದು ಗಿಡವೇ ಎಂಬುದು ಆಮೇಲೆ ಗಟ್ಟಿಯಾಯಿತು. 1990ರಲ್ಲಿ ಟೆಡ್ ಟರ್ಲಿಂಗ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮೆಕ್ಕೆಜೋಳದ ಸಸಿಗಳ ಮೇಲೆ ಮಾಡಿದ ಪ್ರಯೋಗವಂತೂ ಕಣ್ತೆರೆಸುವಂಥದ್ದು. ಬ್ಲೇಡಿನಿಂದ ಗೀರಿದ ಎಲೆ ಟರ್ಪೀನುಗಳನ್ನು ಹೆಚ್ಚೇನೂ ಬಿಡಲಿಲ್ಲ. ಅದೇ ಗಾಯಕ್ಕೆ ಸೈನಿಕ ಹುಳುವಿನ ಬಾಯಿರಸ ಸವರಿದಾಗ ಹೊರಸೂಸಿತು. ಆ ರಸದಲ್ಲಿದ್ದ ವೊಲಿಸಿಟಿನ್ ಎಂಬ ವಸ್ತುವನ್ನು 1997ರಲ್ಲಿ ಬೇರ್ಪಡಿಸಿದರು. ಕಡಿಸಿಕೊಂಡ ಎಲೆಯಷ್ಟೇ ಅಲ್ಲ, ಕಡಿಸಿಕೊಳ್ಳದ ಎಲೆಗಳೂ ಈ ವಾಸನೆ ಬಿಡುತ್ತವೆ, ಅದೂ ಹೆಚ್ಚಾಗಿ ಹಗಲಲ್ಲಿ, ಕಣಜ ಹಾರಾಡುವ ಹೊತ್ತಿಗೆ.

ಎಲ್ಲ ತಳಿಗಳೂ ಹೀಗೆ ಕರೆಯುವುದಿಲ್ಲ ಎಂಬುದೇ ನೋವಿನ ಸಂಗತಿ. ಬೇರುಹುಳು ಕಡಿದಾಗ ಮೆಕ್ಕೆಜೋಳದ ಬೇರು ಕ್ಯಾರಿಯೊಫಿಲೀನ್ ಎಂಬ ಟರ್ಪೀನು ಬಿಟ್ಟು, ಹುಳುವನ್ನು ಕೊಲ್ಲುವ ಜಂತುಗಳನ್ನು ಸೆಳೆಯುತ್ತದೆ. ಉತ್ತರ ಅಮೆರಿಕದ ಬಹುಪಾಲು ತಳಿಗಳಲ್ಲಿ ಈ ಶಕ್ತಿ ಅಳಿದುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು. ಓರೆಗಾನೊ ಗಿಡದ ಜೀನ್ ಸೇರಿಸಿ ಅದನ್ನು ಮರಳಿಸಿದ ಗಿಡಗಳ ಬುಡದಲ್ಲಿ ಮಿಸೌರಿಯ ಹೊಲದಲ್ಲಿ ಬೇರುಹುಳು ಬೆಳೆದು ಆಗುವ ದುಂಬಿಗಳು 60% ಕಡಿಮೆ ಹೊರಬಂದವು (2009). 2011ರಲ್ಲಿ ಕೆನ್ಯಾದಿಂದ ಇನ್ನೊಂದು ಸುದ್ದಿ: ಕಾಂಡಕೊರಕದ ಪತಂಗ ಮೊಟ್ಟೆಯಿಟ್ಟ ಕೂಡಲೇ ಕೆಲವು ನಾಟಿ ತಳಿಗಳು ಕಣಜಗಳನ್ನು ಕರೆಯುತ್ತವೆ; ಜೊತೆಗೆ ಪರೀಕ್ಷಿಸಿದ ವಾಣಿಜ್ಯ ಹೈಬ್ರಿಡ್ ಕರೆಯಲಿಲ್ಲ. ಇಳುವರಿಗಾಗಿ ತಳಿ ಆರಿಸುವಾಗ ವಾಸನೆಯನ್ನೂ ಅಳೆಯಬೇಕಿತ್ತು.

ಕೆನ್ಯಾದಲ್ಲೇ 1997ರಲ್ಲಿ ಮತ್ತೊಂದು ದಾರಿ ಕಂಡಿತ್ತು. ಮೊಲಾಸಿಸ್ ಹುಲ್ಲು ಹುಳು ಕಡಿಯದಿದ್ದರೂ ಅಂಥದೇ ವಾಸನೆ ಬಿಡುತ್ತದೆ. ಮೆಕ್ಕೆಜೋಳದ ನಡುವೆ ಬೆಳೆಸಿದಾಗ ಪತಂಗ ದೂರವಾಯಿತು, ಕಣಜ ಹೆಚ್ಚಿತು.

ನಮ್ಮಲ್ಲಿ ಈ ಪ್ರಶ್ನೆ ತುರ್ತಾದದ್ದು 2018ರ ಮೇ ತಿಂಗಳಲ್ಲಿ. ಭಾರತದಲ್ಲೇ ಮೊದಲಿಗೆ ಫಾಲ್ ಸೈನಿಕ ಹುಳು ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿತು. ಈ ಹುಳು ಮೇಯ್ದಾಗ ಗಿಡ ಬಿಡುವ ವಾಸನೆ ಬೇರೆ ಸೈನಿಕ ಹುಳುಗಳು ಮೇಯ್ದಾಗ ಬಿಡುವುದಕ್ಕಿಂತ ಬಹಳ ಕಡಿಮೆ. ಸುಳಿಗೆ ಇಳಿದು ಹಿಕ್ಕೆ ತುಂಬಿಕೊಂಡ ಮೇಲಂತೂ ಅದನ್ನು ತಲುಪುವುದು ಕಣಜಕ್ಕೂ ಕಷ್ಟ. ಆದ್ದರಿಂದ ಮೊಟ್ಟೆಯ ಹಂತದಲ್ಲೇ ತಡೆಯಬೇಕು. ಎಕರೆಗೆ 50,000ದಂತೆ ಟ್ರೈಕೋಗ್ರಾಮ ಪ್ರೆಟಿಯೋಸಮ್ ಅಥವಾ ಟೆಲೆನೋಮಸ್ ರೀಮಸ್ ಕಣಜವನ್ನು ವಾರಕ್ಕೊಮ್ಮೆ ಬಿಡುವುದು ಶಿಫಾರಸು. ಈ ಹುಳುವಿನ ಮೊಟ್ಟೆಗಳು ಪದರಪದರವಾಗಿದ್ದು ಮೇಲೆ ರೋಮದ ಹೊದಿಕೆ ಇರುವುದರಿಂದ ಟ್ರೈಕೋಗ್ರಾಮ ಒಳಪದರಕ್ಕೆ ಹೋಗಲಾರದು, ಟೆಲೆನೋಮಸ್ ಹೋಗಬಲ್ಲದು. ಎಳೆ ಬೆಳೆಯಲ್ಲಿ 5% ಗಿಡಗಳಿಗೆ ಹಾನಿ ಕಂಡರೆ ಮೊದಲು 5% ಬೇವಿನ ಬೀಜದ ಕಷಾಯ, ಇಲ್ಲವೇ ಬೇವಿನದೇ ಸಾರವಾದ 1500 ಪಿಪಿಎಂ ಅಜಾಡಿರಾಕ್ಟಿನ್ ಲೀಟರಿಗೆ 5 ಮಿ.ಲೀ. ಸಿಂಪಡಿಸಿ. ಕಣಜ ಬಿಟ್ಟ ಬೆನ್ನಿಗೇ ಕಟುವಾದ ಕೀಟನಾಶಕ ಹೊಡೆದರೆ ಬಿಟ್ಟವೂ ಸಾಯುತ್ತವೆ, ಗಿಡದ ಕರೆಗೆ ಓಗೊಟ್ಟು ತಾವಾಗಿ ಬಂದವೂ ಸಾಯುತ್ತವೆ.